ಮರದ ಮೇಲಿನ ಮಗ್ಗಿ

ನಮ್ಮ ಅತ್ತೆಯವರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನಗೆ ಬರುವ ಮಜ್ಜಿಗೆ ನಿಂತುಹೋಗುತ್ತದೆ. ಆದರೆ ಏಪ್ರಿಲ್ ತಿಂಗಳಿನಲ್ಲಿ ಒಂದು ಬೆಳಿಗ್ಗೆ ನೀವು ಬಸವೇಶ್ವರನಗರದ ನಮ್ಮ ಅಡ್ಡರಸ್ತೆಗೆ ಬಂದಿರಿ ಎಂದಿಟ್ಟುಕೊಳ್ಳಿ. ಯಾವುದೋ ಮರದ ತುದಿಯಿಂದ, “ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು” ಎಂದು ಗಂಡಸಿನ ಗಡಸು ದನಿಯೊಂದು ತೇಲಿ ಬರುತ್ತದೆ. ಗಾಬರಿಯಾಗಬೇಡಿ, ಅದು ದೆವ್ವವಲ್ಲ. ದೆವ್ವಕ್ಕೆ ಹದಿನೇಳರ ಮಗ್ಗಿ ಕಲಿಯುವ ದರ್ದೇನಿದೆ? ಸ್ವಲ್ಪ ಕೆಳಗೆ ನೋಡಿ. ಹಳದಿ ಹೆಲ್ಮೆಟ್ ತೊಟ್ಟು, ಹೆಲ್ಮೆಟ್ಟಿನ ಕೆಳಗೆ ಒದ್ದೆ ಟವೆಲ್ ಇಳಿಬಿಟ್ಟು, ಕತ್ತಿಗೊಂದು ಸೀಟಿ ನೇತುಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೆಟ್ಟಗೆ ಕುಳಿತ ಎಪ್ಪತ್ನಾಲ್ಕು ವರ್ಷದ ಹೆಂಗಸೊಬ್ಬರು ಕಾಣಿಸುತ್ತಾರೆ. ಅವರೇ ನಮ್ಮ ಅತ್ತೆ.

ಅತ್ತೆ ಎಂದರೆ ಹೆಂಡತಿಯ ತಾಯಿ ಅಲ್ಲ, ನನ್ನ ಅಪ್ಪನ ಅಕ್ಕ. ನಮ್ಮ ಮನೆಯ ಕೆಳಗಡೆ ಅವರಿದ್ದಾರೆ, ಮೇಲುಗಡೆ ನಾನು, ಹೆಂಡತಿ ಮತ್ತು ಮಗಳು. ರಾಜಾಜಿನಗರದ ಶಾಲೆಯೊಂದರಲ್ಲಿ ಪ್ರೈಮರಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವರು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, “ಇಡೀ ದಿನ ಒಂದು ಕ್ಲಾಸು ಮಕ್ಕಳನ್ನ ನೋಡ್ಕೊಂಡು ಬಂದು, ಮನೇಲಿ ಇನ್ನೊಂದು ಮಗೂನ ಸಾಕೋ ಶಕ್ತಿ ಇರ್ಲಿಲ್ಲ ಕಣಮ್ಮ” ಎನ್ನುತ್ತಾರೆ. ಆ ಇನ್ನೊಂದು ಮಗು ಎಂದರೆ ಗಂಡ!

ರಿಟೈರ್ ಆದವರು ಸಾಮಾನ್ಯವಾಗಿ ಭಜನೆಗೋ ವಾಕಿಂಗಿಗೋ ಹೋಗುತ್ತಾರೆ. ಅತ್ತೆ ಮರಗಳ ಕಡೆ ತಿರುಗಿದರು. ನಮ್ಮ ಬೀದಿಯ ಹಳೆಯ ಮನೆಗಳಲ್ಲೆಲ್ಲ ಕಾಂಪೌಂಡಿಗೊಂದು ಮರವಿದೆ. ಮಾವೋ, ಹಲಸೋ, ಸಂಪಿಗೆಯೋ. ಮೇ ತಿಂಗಳ ಗಾಳಿಮಳೆ ಬರುವ ಮೊದಲು ಅವುಗಳ ಭಾರದ ಕೊಂಬೆಗಳನ್ನು ನಾವು ಇಳಿಸಬೇಕು. ಇಳಿಸದಿದ್ದರೆ ಅವು ತಾವೇ ಇಳಿಯುತ್ತವೆ, ಸಾಮಾನ್ಯವಾಗಿ ಹೊಸ ಕಾರೊಂದರ ಮೇಲೆ. ಹಾಗಾಗಿ ಮರ ಹತ್ತುವ ಕೆಲಸವೆಲ್ಲ ಬೀಳುವುದು ಸುಡುಬೇಸಿಗೆಯಲ್ಲೇ. ಹತ್ತುವವನ ಯೋಗಕ್ಷೇಮವನ್ನು ಯಾರೂ ಕೇಳದೆಯೇ ಅತ್ತೆ ವಹಿಸಿಕೊಂಡರು. ಈಗ ಬೀದಿಯಲ್ಲಿ ಯಾರ ಮನೆಯ ಮರವಾದರೂ ಸರಿ, ಕುರ್ಚಿ ನಮ್ಮ ಮನೆಯಿಂದಲೇ ಹೋಗುತ್ತದೆ. ಹೊತ್ತುಕೊಂಡು ಹೋಗುವವನು ನಾನು.

ಅವರ ಕಾನೂನುಗಳನ್ನು ಕೇಳಿ. ಬೆಳಿಗ್ಗೆ ಆರಕ್ಕೆ ಮರ ಹತ್ತಬೇಕು, ಹತ್ತಕ್ಕೆ ಇಳಿದಿರಬೇಕು. ಹತ್ತು ಗಂಟೆಗೆ ಕೊಂಬೆ ಅರ್ಧ ಕತ್ತರಿಸಿದ್ದರೆ? ಅರ್ಧ ಕತ್ತರಿಸಿದ ಕೊಂಬೆಯನ್ನು ಬಿಟ್ಟು ಬರುವ ಹಾಗಿಲ್ಲವಲ್ಲ, ಹಾಗಾಗಿ ಒಂಬತ್ತೂವರೆಯ ಮೇಲೆ ಹೊಸ ಕೊಂಬೆ ಮುಟ್ಟುವಂತಿಲ್ಲ. ಹತ್ತುವ ಮುಂಚೆ ರಾಗಿ ಅಂಬಲಿ ಕುಡಿಯಬೇಕು, ಕಾಫಿ ಕುಡಿದವನಿಗೆ ಏಣಿ ಇಲ್ಲ. ತೋಳು ತುಂಬಿದ ತೆಳು ಬಣ್ಣದ ಹತ್ತಿಯ ಅಂಗಿ, ತಲೆಗೆ ಒದ್ದೆ ಬಟ್ಟೆ, ಅದರ ಮೇಲೆ ಹೆಲ್ಮೆಟ್. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ. ಸೀಟಿ ಊದಿದೊಡನೆ ಮೇಲಿದ್ದವನು ಹಗ್ಗ ಇಳಿಬಿಡಬೇಕು, ಉಪ್ಪು ಶುಂಠಿ ಹಾಕಿದ ಮಜ್ಜಿಗೆಯ ಡಬ್ಬಿ ಮೇಲಕ್ಕೆ ಹೋಗಬೇಕು. “ನಂಗೆ ಬಾಯಾರಿಲ್ಲ” ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. “ನಿನ್ನ ಬಾಯಿನ ಕೇಳ್ತಿಲ್ಲಪ್ಪ, ಗಡಿಯಾರಾನ ಕೇಳ್ತಿದೀನಿ” ಎನ್ನುತ್ತಾರೆ.

ಇನ್ನೊಂದು ವಿಚಾರಣೆ ಇದೆ. ಅದನ್ನು ಬರೆಯಲು ನಾಚಿಕೆ, ಆದರೆ ಬೀದಿಗೆಲ್ಲ ಗೊತ್ತಿರುವುದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ? ಮೂತ್ರದ ಬಣ್ಣ! ತಿಳಿಯಾಗಿದ್ದರೆ ಏಣಿ, ಗಾಢವಾಗಿದ್ದರೆ ಇನ್ನೆರಡು ಲೋಟ ನೀರು. ಹತ್ತುವವನನ್ನು ಕೇಳಿದರೆ ಸರಿ, ಕೆಳಗೆ ನಿಂತು ಹಗ್ಗ ಹಿಡಿಯುವ ನನ್ನನ್ನೂ ಕೇಳಬೇಕೆ? ಅದೂ ಎದುರು ಮನೆಯವರು ರಂಗೋಲಿ ಇಡುತ್ತಿರುವಾಗ?

“ಗಿರೀ, ಬೆಳಿಗ್ಗೆ ಹೆಂಗಿತ್ತೋ?”

“ಪರವಾಗಿಲ್ಲ ಅತ್ತೆ.”

“ಪರವಾಗಿಲ್ಲ ಅನ್ನೋದು ಒಂದು ಬಣ್ಣವೇನೋ?”

ನಾನು ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ಅಪಘಾತದ ಫೈಲುಗಳು ನನ್ನ ಮೇಜಿಗೇ ಬರುವುದು. ‘ಇವರು ಸ್ವಲ್ಪ ಎಚ್ಚರ ವಹಿಸಬಹುದಿತ್ತು’ ಎಂದು ಹಸಿರು ಶಾಯಿಯಲ್ಲಿ ಬರೆಯುವವನು ನಾನು. ಅಂಥವನು ನಲವತ್ತೆಂಟನೆಯ ವಯಸ್ಸಿನಲ್ಲಿ, ನಡುಬೀದಿಯಲ್ಲಿ, ‘ತಿಳಿ ಹಳದಿ’ ಎಂದು ಪಿಸುಗುಟ್ಟಬೇಕು. ಕೇಳಿಸದಿದ್ದರೆ ಮತ್ತೊಮ್ಮೆ ಹೇಳಬೇಕು.

ಇನ್ನು ಮಗ್ಗಿಯ ವಿಷಯ. ಬೀದಿಯ ಮರಗಳನ್ನು ಹತ್ತುವವನು ನಂಜುಂಡ. ಶ್ರೀಗಂಧದ ಕಾವಲಿನಿಂದ ಮೊಪೆಡ್ಡಿನಲ್ಲಿ ಬರುತ್ತಾನೆ. ಐವತ್ತರ ಆಸುಪಾಸು, ಕಡ್ಡಿಯಂಥ ಮೈ, ನಾವು ನೀವು ನೆಲದ ಮೇಲೆ ನಡೆದಂತೆ ಮರದ ಮೇಲೆ ನಡೆಯುತ್ತಾನೆ. ಅವನು ಮೊದಲ ದಿನ ಹಲಸಿನ ಮರದ ಮೇಲಿದ್ದಾಗ ಕೆಳಗಿನಿಂದ, “ಎಂಟರ ಮಗ್ಗಿ ಹೇಳಪ್ಪ” ಎಂಬ ಆಜ್ಞೆ ಬಂತು. ನಂಜುಂಡ ಕತ್ತರಿಸುವುದನ್ನು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದ.

“ಟೀಚರಮ್ಮ, ನಾನು ಮರಕ್ಕೆ ಬಂದಿರೋದಾ, ಪರೀಕ್ಷೆಗೆ ಬಂದಿರೋದಾ?”

“ಎರಡಕ್ಕೂ. ಬಿಸಿಲು ಕಾಲಿಗೆ ಬರೋಕೆ ಮುಂಚೆ ತಲೆಗೆ ಹೋಗುತ್ತೆ. ಕಾಲು ಜಾರೋ ಮುಂಚೆ ಬಾಯಿ ತಪ್ಪುತ್ತೆ. ಮಗ್ಗಿ ತಪ್ಪಿದ್ರೆ ಇಳೀಬೇಕು, ಅಷ್ಟೇ.”

ನಂಜುಂಡ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಎಂಟಾರ್ಲಕ್ಕೆ ಮುಗ್ಗರಿಸಿದ. ಸೀಟಿ ಊದಿದರು, ಇಳಿದ, ಮಜ್ಜಿಗೆ ಕುಡಿದ, ಅಲ್ಲೇ ನೆರಳಿನಲ್ಲಿ ಕೂರಿಸಿ ಎಂಟರ ಮಗ್ಗಿ ಹೇಳಿಕೊಟ್ಟರು, ಮತ್ತೆ ಹತ್ತಿಸಿದರು. ಒಂದು ಹಲಸಿನ ಮರ ಮುಗಿಯಲು ಮೂರು ದಿನ ಹಿಡಿಯಿತು. ಆದರೆ ಇವತ್ತು ನಂಜುಂಡನಿಗೆ ಹತ್ತೊಂಬತ್ತರವರೆಗೆ ಬಾಯಿಪಾಠ! “ಸಾರ್, ನಮ್ಮೂರಿಗೆ ಹೋದ್ರೆ ನಮ್ಮಣ್ಣನ ಮಗ ಡಿಗ್ರಿ ಓದ್ತಿರೋನು ನನ್ನ ನೋಡಿ, ಎಲ್ಲಿ ಮಗ್ಗಿ ಕೇಳ್ತೀನೋ ಅಂತ ಎದ್ದು ಆಚೆ ಹೋಗ್ತಾನೆ” ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಮರದ ಕೆಳಗೆ ನೆರಳಿಗೆಂದು ಆಟೋ ನಿಲ್ಲಿಸಿದ ಡ್ರೈವರೊಬ್ಬರನ್ನೂ ಅತ್ತೆ ಒಮ್ಮೆ ಬಿಡಲಿಲ್ಲ. ಮುಖ ಕೆಂಪಗಿದೆ ಎಂದು ಹಿಡಿದು ಕೂರಿಸಿ, ಏಳರ ಮಗ್ಗಿ ಒಪ್ಪಿಸಿದ ಮೇಲೆಯೇ ಆಟೋ ಸ್ಟಾರ್ಟ್ ಮಾಡಲು ಬಿಟ್ಟರು. ಆತ ಈಗ ಆ ಮರದ ನೆರಳಿಗೆ ಬರುವುದಿಲ್ಲ.

ಇಷ್ಟೆಲ್ಲದರ ನಡುವೆ ನನ್ನ ಪಾತ್ರವೇನು? ಕುರ್ಚಿ ಹೊರುವುದು, ಹಗ್ಗ ಹಿಡಿಯುವುದು, ಡಬ್ಬಿ ಕಟ್ಟುವುದು. ಏಣಿಯ ಮೂರನೆಯ ಮೆಟ್ಟಿಲಿಗೆ ನಾನು ಕಾಲಿಟ್ಟರೆ ಸೀಟಿ. “ನಿಂಗೆ ನೆಲದ ಮೇಲೇ ಹದಿಮೂರರ ಮಗ್ಗಿ ಬರಲ್ಲ, ಮರದ ಮೇಲೆ ಏನು ಬರುತ್ತೆ? ಇಳಿಯೋ.” ನಾಲ್ಕನೇ ಕ್ಲಾಸಿನಲ್ಲಿ ನಾನು ಅವರದೇ ವಿದ್ಯಾರ್ಥಿ. ಹದಿಮೂರರಲ್ಲಿ ಸಿಕ್ಕಿಕೊಂಡವನು ಈಚೆ ಬಂದೇ ಇಲ್ಲ. ಆಮೇಲೆ ಡಿಗ್ರಿ ಆಯಿತು, ಕೆಲಸ ಸಿಕ್ಕಿತು, ಪ್ರಮೋಷನ್ ಬಂತು, ಕನ್ನಡಕ ಬಂತು, ಹೊಟ್ಟೆ ಬಂತು. ಅತ್ತೆಯ ಲೆಕ್ಕದಲ್ಲಿ ಮಾತ್ರ ನಾನಿನ್ನೂ ಮೂರನೇ ಬೆಂಚಿನಲ್ಲೇ ಕುಳಿತಿದ್ದೇನೆ. ಒಂದೇ ಒಂದು ಕೊಂಬೆಯನ್ನು ನಾನೊಬ್ಬನೇ ಇಳಿಸಿ, ಇವನ ಕೈಲೂ ಏನಾದರೂ ಆಗುತ್ತದೆ ಎಂದು ಅವರಿಗೆ ಅನ್ನಿಸಬೇಕು ಎಂಬ ಆಸೆ ನನ್ನಲ್ಲಿ ವರ್ಷಗಳಿಂದ ಕುದಿಯುತ್ತಿತ್ತು.

ಈ ಸಲದ ಬೇಸಿಗೆಯಲ್ಲಿ ಸಂದರ್ಭ ಒದಗಿತು. ನಮ್ಮದೇ ಕಾಂಪೌಂಡಿನ ಸಂಪಿಗೆ ಮರದ ಒಂದು ಕೊಂಬೆ ಪಕ್ಕದ ಮನೆಯ ಶೀಟಿನ ಮಾಡಿನ ಮೇಲೆ ಚಾಚಿತ್ತು. ನಂಜುಂಡ ಮಗಳ ಮದುವೆಗೆ ಊರಿಗೆ ಹೋಗಿದ್ದ. ಎರಡು ದಿನಗಳಿಂದ ಸಂಜೆ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು. ಪಕ್ಕದ ಮನೆಯವರು ಗೇಟಿನ ಹತ್ತಿರ ಸಿಕ್ಕಾಗಲೆಲ್ಲ, “ಸಾರ್, ನಿಮ್ಮ ಕೊಂಬೆ ರಾತ್ರಿಯೆಲ್ಲ ನಮ್ಮ ಶೀಟಿನ ಜೊತೆ ಮಾತಾಡುತ್ತೆ” ಎನ್ನುತ್ತಿದ್ದರು. ಭಾನುವಾರ ಅತ್ತೆ ವಿಜಯನಗರಕ್ಕೆ, ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆಂದು ಹೊರಟರು. ಹೊರಡುವಾಗ ಮರದ ಕಡೆ ನೋಡಿ, ನನ್ನ ಕಡೆ ನೋಡಿ, “ನಂಜುಂಡ ಬರ್ಲಿ” ಎಂದರು. ಎರಡೇ ಪದ. ಆದರೆ ಆ ಎರಡು ಪದದಲ್ಲಿ ನನ್ನ ಇಡೀ ಜನ್ಮದ ಮಾರ್ಕ್ಸ್ ಕಾರ್ಡ್ ಇತ್ತು!

ಅವರು ಬೀದಿ ತಿರುಗುವುದನ್ನೇ ಕಾದು ನಾನು ಗರಗಸ ತೆಗೆದೆ. ಗಂಟೆ ಹನ್ನೊಂದು. ಭಾನುವಾರ ನಾನು ಏಳುವುದೇ ಒಂಬತ್ತೂವರೆಗೆ, ಏನು ಮಾಡಲಿ? ಅಂಬಲಿ ಮಾಡಲು ಬರುವುದಿಲ್ಲವಾದ್ದರಿಂದ ಎರಡು ಲೋಟ ಕಾಫಿ ಕುಡಿದಿದ್ದೆ. ಮೈಮೇಲೆ ಆಫೀಸಿನ ಕ್ರೀಡಾಕೂಟದಲ್ಲಿ ಕೊಟ್ಟ ಕಪ್ಪು ಟೀ ಶರ್ಟ್, ಗಾಳಿಯಾಡದ ನೈಲಾನಿನದು. ತಲೆಗೆ ಒದ್ದೆ ಬಟ್ಟೆ ಕಟ್ಟುವ ಹಾಗಿರಲಿಲ್ಲ. ಹಿಂದಿನ ಸಂಜೆ ತಾನೇ ಕೂದಲಿಗೆ ಬಣ್ಣ ಹಾಕಿಸಿದ್ದೆ, ನೆನೆದರೆ ಇಳಿಯುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ನೋಡಿ, ಎಂಥ ಮುನ್ನೆಚ್ಚರಿಕೆ! ಅಕಸ್ಮಾತ್ ಅತ್ತೆ ಬೇಗ ಬಂದುಬಿಟ್ಟರೆ? ಅದಕ್ಕೂ ವ್ಯವಸ್ಥೆ ಮಾಡಿಕೊಂಡೆ. ಎಡಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಬಾಲ್ ಪೆನ್ನಿನಿಂದ ಹದಿಮೂರರ ಮಗ್ಗಿ ಬರೆದುಕೊಂಡೆ. ಬಾಲ್ಯದಲ್ಲಿ ಇಷ್ಟು ಬುದ್ಧಿ ಇದ್ದಿದ್ದರೆ ಏಟುಗಳು ಎಷ್ಟೋ ಕಡಿಮೆಯಾಗುತ್ತಿದ್ದವು.

ನನ್ನ ಹೆಂಡತಿ ಬಾಗಿಲಿಗೆ ಬಂದು ನೋಡಿದಳು. “ರೀ, ಇದು ಬೇಕಾ?”

“ನೀನು ಒಳಗೆ ಹೋಗು.”

“ಹೋಗ್ತೀನಿ. ಬಿದ್ರೆ ಜೋರಾಗಿ ಬೀಳಿ, ಮಿಕ್ಸಿ ಹಾಕ್ತಿರ್ತೀನಿ, ಕೇಳ್ಸಲ್ಲ.”

ಮರ ಹತ್ತಿದೆ. ಹತ್ತಿದೆ ಎಂದು ಒಂದೇ ಪದದಲ್ಲಿ ಬರೆದೆ, ಹತ್ತಲು ಇಪ್ಪತ್ತು ನಿಮಿಷ ಬೇಕಾಯಿತು. ನಂಜುಂಡ ಮಾಡುವಂತೆ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕೈಗೆ ಸಿಕ್ಕ ಗಟ್ಟಿ ಕೊಂಬೆಗೆ ಬಿಗಿದೆ. ಗರಗಸ ಎಳೆಯತೊಡಗಿದೆ. ಮೊದಲ ಹತ್ತು ನಿಮಿಷ ನಾನು ರಾಜ. ಮುಂದಿನ ಹತ್ತು ನಿಮಿಷ ಬೆವರು ಕಣ್ಣಿಗಿಳಿದು ಕನ್ನಡಕ ಮಂಜಾಯಿತು. ಆಮೇಲೆ ಬಾಯಿ ಅಂಟಿಕೊಂಡಿತು. ನೀರಿನ ಬಾಟಲಿ ಎಲ್ಲಿ? ಗೇಟಿನ ಪಕ್ಕದ ಕಟ್ಟೆಯ ಮೇಲೆ, ಕಣ್ಣಿಗೆ ಕಾಣುವಂತೆ, ಚೆನ್ನಾಗಿ ಇಟ್ಟು ಬಂದಿದ್ದೆ. ಇಳಿದು ಕುಡಿಯಬಹುದಿತ್ತು. ಆದರೆ ಇಳಿದರೆ ಮತ್ತೆ ಹತ್ತಬೇಕಲ್ಲ? ಹಟ ಮಾಡಿ ಎಳೆಯುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ತೋಳಿನ ಮೇಲೆ ರೋಮ ನಿಂತವು, ಮೈ ಸಣ್ಣಗೆ ನಡುಗಿತು. ಏಪ್ರಿಲ್ಲಿನ ಮಧ್ಯಾಹ್ನದಲ್ಲಿ ಚಳಿ! ಅಪಘಾತದ ಫೈಲುಗಳ ಅಧಿಕಾರಿಯಾದ ನಾನು ಏನೆಂದುಕೊಂಡೆ ಗೊತ್ತೇ? ‘ಆಹಾ, ಮೇಲೆ ಎಷ್ಟು ತಂಪಾಗಿದೆ!’

ಆಗ ಗೇಟಿನ ಸದ್ದಾಯಿತು. ಸಹೋದ್ಯೋಗಿಯ ಮನೆಯಲ್ಲಿ ನೀರಿಲ್ಲ ಎಂದು ಊಟ ಮುಂದಕ್ಕೆ ಹೋಗಿ, ಅತ್ತೆ ಅರ್ಧ ದಾರಿಯಿಂದ ವಾಪಸ್ಸು ಬಂದಿದ್ದರು. ನನ್ನನ್ನು ಕಂಡರು. ಬೈಯಲಿಲ್ಲ. ಮರದ ಮೇಲಿದ್ದವನನ್ನು ಬೈಯಬಾರದು, ಇಳಿದ ಮೇಲೆ ಎಲ್ಲ ಸೇರಿಸಿ ಬೈಯಬೇಕು ಎಂಬುದು ಅವರ ಇನ್ನೊಂದು ಕಾನೂನು. ಚಪ್ಪಲಿ ಬಾಗಿಲ ಬಳಿ ಬಿಟ್ಟು, ಕಟ್ಟೆಯ ಮೇಲೆ ನಿಂತು, ತಣ್ಣನೆಯ ದನಿಯಲ್ಲಿ ಕೇಳಿದರು.

“ಗಿರೀ, ಹದಿಮೂರರ ಮಗ್ಗಿ ಹೇಳೋ.”

ನನಗೆ ಗೆದ್ದಷ್ಟು ಖುಷಿ. ತೋಳನ್ನು ಮೂಗಿನ ಹತ್ತಿರ ತಂದೆ. ಅಕ್ಷರಗಳು ಬೆವರಿನಲ್ಲಿ ಹರಡಿದ್ದವು, ಆದರೂ ಓದಬಹುದಿತ್ತು. “ಹದಿಮೂರೊಂದ್ಲ ಹದಿಮೂರು” ಎಂದು ಶುರುಮಾಡಿದೆ. ನಾಲಿಗೆ ದಪ್ಪವಾಗಿತ್ತು, ದನಿ ಬೇರೆ ಯಾರದೋ ಎನ್ನಿಸುತ್ತಿತ್ತು, ಆದರೆ ಅಂಕಿಗಳು ಒಂದೂ ತಪ್ಪಲಿಲ್ಲ. “ಹದಿಮೂರಾರ್ಲ ಎಪ್ಪತ್ತೆಂಟು, ಹದಿಮೂರೇಳ್ಲ ತೊಂಬತ್ತೊಂದು...”

“ಗರಗಸ ಕೆಳಗೆ ಹಾಕೋ! ಕಾಂಡ ತಬ್ಕೋ! ಕಣ್ಣು ಮುಚ್ಚಬೇಡ!” ಅತ್ತೆ ಕಿರುಚಿದರು. ಅವರು ಕಿರುಚಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗರಗಸ ತಾನಾಗಿಯೇ ಬಿತ್ತು. ಕಾಂಡವನ್ನು ತಬ್ಬಿಕೊಂಡೆ. ಆಗ ಕಂಡಿತು: ನನ್ನ ಹಗ್ಗದ ತುದಿ ಯಾವ ಗಟ್ಟಿ ಕೊಂಬೆಗೆ ಕಟ್ಟಿತ್ತೋ, ನಾನು ಮುಕ್ಕಾಲು ಪಾಲು ಕತ್ತರಿಸಿದ್ದು ಅದೇ ಕೊಂಬೆಯನ್ನು. ಅದು ಬಿದ್ದಿದ್ದರೆ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು.

ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅತ್ತೆ ತಾರಸಿಗೆ ಓಡಿದರು. ಗಿಡಗಳಿಗೆ ನೀರು ಹಾಕುವ ಪೈಪು ಎತ್ತಿಕೊಂಡರು. ಪೈಪಿನಲ್ಲಿ ನಿಂತ ನೀರು ಕುದಿಯುವಂತೆ ಕಾದಿರುತ್ತದೆ, ಅದನ್ನೆಲ್ಲ ಪಕ್ಕಕ್ಕೆ ಹರಿಯಬಿಟ್ಟು, ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿ, ಬಿಸಿ ಇಳಿದ ಮೇಲೆ ನನ್ನತ್ತ ತಿರುಗಿಸಿದರು. ತಲೆಗೆ, ಕತ್ತಿಗೆ, ಕಂಕುಳಿಗೆ. ಮರದ ಮೇಲೆ ಮನುಷ್ಯನಿಗೆ ಸ್ನಾನ ಮಾಡಿಸುವುದನ್ನು ನೋಡಲು ಎದುರು ಮನೆಯವರೆಲ್ಲ ಬಾಲ್ಕನಿಗೆ ಬಂದರು. ಕೂದಲಿನ ಬಣ್ಣ ಕರಗಿ ಕಿವಿಯ ಪಕ್ಕದಲ್ಲಿ, ಗಲ್ಲದ ಮೇಲೆ, ಕರ್ರಗೆ ಇಳಿಯಿತು. ಐವತ್ತು ದಾಟದ ಅಧಿಕಾರಿಯ ನಿಜವಾದ ತಲೆಯನ್ನು ಅಡ್ಡರಸ್ತೆ ಕಂಡಿತು. ಪಕ್ಕದ ಮನೆಯವರು ಏಣಿ ತಂದು, ಕಾಂಡಕ್ಕೆ ಬೇರೆ ಹಗ್ಗ ಕಟ್ಟಿ, ನನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. “ಕೊಂಬೆ ಇಳಿಸಿ ಅಂದ್ರೆ ನೀವೇ ಇಳಿಯೋಕೆ ಹೊರಟಿದ್ರಲ್ಲ ಸಾರ್” ಎಂದರು. ಒಳ್ಳೆಯ ಮನುಷ್ಯ, ಆದರೆ ಮಾತು ಹೀಗೆ.

ಅತ್ತೆಯ ನಡುಮನೆಯ ಕೆಂಪು ನೆಲದ ಮೇಲೆ, ಫ್ಯಾನಿನ ಕೆಳಗೆ, ಒದ್ದೆ ಸೀರೆ ಹೊದ್ದುಕೊಂಡು ಮಲಗಿದೆ. ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿ, ಇದು ಬಿಸಿಲಿನ ಹೊಡೆತ, ಇನ್ನು ಸ್ವಲ್ಪ ಹೊತ್ತು ತಡವಾಗಿದ್ದರೆ ಕಷ್ಟವಿತ್ತು ಎಂದರು. ನನ್ನ ಹೆಂಡತಿ ಅಳುತ್ತಲೇ ಬೈದು, ಬೈಯುತ್ತಲೇ ಎಳನೀರು ತರಲು ಹೋದಳು. ಅತ್ತೆ ಚಮಚದಲ್ಲಿ ಉಪ್ಪುಸಕ್ಕರೆ ನೀರು ಕುಡಿಸುತ್ತಿದ್ದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ನನ್ನ ಅನುಮಾನ ಕೇಳಿದೆ.

“ಅತ್ತೆ, ಮಗ್ಗಿ ಸರಿಯಾಗೇ ಹೇಳಿದ್ನಲ್ಲ. ಹೆಂಗೆ ಗೊತ್ತಾಯ್ತು?”

“ಸರಿಯಾಗಿ ಹೇಳಿದ್ದಕ್ಕೇ ಗೊತ್ತಾಯ್ತು. ನಾಲ್ಕನೇ ಕ್ಲಾಸಿಂದ ಇವತ್ತಿನವರೆಗೆ ನೀನು ಹದಿಮೂರೇಳ್ಲ ಎಂಬತ್ತೊಂದು ಅಂತಾನೇ ಅಂದಿರೋದು. ಇವತ್ತೂ ಎಂಬತ್ತೊಂದು ಅಂದಿದ್ರೆ, ನನ್ನ ಮಗು ಚೆನ್ನಾಗಿದೆ ಅಂತ ನಿಶ್ಚಿಂತೆಯಾಗಿ ಒಳಗೆ ಹೋಗಿ ಅನ್ನಕ್ಕಿಡ್ತಿದ್ದೆ.”

ಇನ್ನು ಬೈಗುಳ ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಶುರುವಾಗಲಿಲ್ಲ. ಕಣ್ಣು ತೆರೆದಾಗ ಅವರು ಕಾಲು ಚಾಚಿ ಕುಳಿತಿದ್ದರು. ಎರಡೂ ಅಂಗಾಲುಗಳು ಕೆಂಪಗೆ ಉರಿದು, ಹಿಮ್ಮಡಿಯ ಹತ್ತಿರ ನೀರುಗುಳ್ಳೆ ಎದ್ದಿತ್ತು. ಹನ್ನೆರಡು ಗಂಟೆಯ ತಾರಸಿಯ ಮೇಲೆ ಅವರು ಬರಿಗಾಲಿನಲ್ಲಿ ನಿಂತಿದ್ದರು. ಹೆಲ್ಮೆಟ್ ಇಲ್ಲ, ಟವೆಲ್ ಇಲ್ಲ. ಪೈಪಿನ ಬಿಸಿನೀರು ಹರಿದು ಮುಗಿಯಲಿ ಎಂದು ಕಾಯುತ್ತಾ ನಿಂತಿದ್ದಾಗಲೂ ಒಂದು ಹೆಜ್ಜೆ ನೆರಳಿಗೆ ಸರಿದಿರಲಿಲ್ಲ.

“ಅತ್ತೆ, ನಿಮ್ಮ ಕಾಲು...”

“ಅದು ಬಿಡು.” ಅವರು ನನ್ನ ಹಣೆಯ ಮೇಲಿನ ಬಟ್ಟೆ ತೆಗೆದು, ಹಿಂಡಿ, ಮತ್ತೆ ಹಾಕಿದರು. “ಮಗ್ಗಿ ಬರದೆ ಇದ್ರೂ ಪರವಾಗಿಲ್ಲ ಕಣೋ. ಅದನ್ನ ಇನ್ಮೇಲೆ ಕೇಳಲ್ಲ. ನಾನು ಕೂಗಿದಾಗ ನೀನು ಓ ಅನ್ನು. ಅಷ್ಟು ಸಾಕು ನಂಗೆ.”

ಹೆಂಡತಿಗೆ ನಾನು ರೀ, ಮಗಳಿಗೆ ಅಪ್ಪ, ಆಫೀಸಿನಲ್ಲಿ ಸಾರ್, ಬೀದಿಯಲ್ಲಿ ಅಂಕಲ್. ಅಪ್ಪ ಅಮ್ಮ ಹೋದ ಮೇಲೆ ಗಿರೀ ಎಂದು ಕೂಗುವ ಬಾಯಿ ಈ ಲೋಕದಲ್ಲಿ ಒಂದೇ ಉಳಿದಿದೆ. ಅದರ ಬೆಲೆ ತಿಳಿಯಲು ನಾನು ಮರ ಹತ್ತಿ ಸಾಯುವವರೆಗೆ ಹೋಗಬೇಕಾಯಿತು. ಅತ್ತೆಯನ್ನು ನಾನು ಇಷ್ಟು ಪ್ರೀತಿಸುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ.

ಅವರು ಗೋಡೆ ಹಿಡಿದುಕೊಂಡು, ಹಿಮ್ಮಡಿ ಊರದೆ, ಕುಂಟುತ್ತಾ ಅಡುಗೆಮನೆಗೆ ಹೋದರು. ಆಮೇಲೆ ಅಲ್ಲಿಂದಲೇ ಕೂಗಿದರು.

“ಗಿರೀ!”

“ಓ” ಎಂದೆ. ಒಣಗಿದ ಗಂಟಲು, ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. ಮೊಣಕೈ ಊರಿ ಎದ್ದು ಕುಳಿತು, ಇನ್ನೊಮ್ಮೆ ಜೋರಾಗಿ “ಓ” ಎಂದೆ.